ಪತ್ತನಾಜೆ ಕಳೆಯಲಿ

ನಮ್ಮ ಕಿರುಚಿತ್ರದ ಅಜ್ಜ ಮಂಗಳೂರಿನ ಸುಲ್ತಾನ್ ಬತ್ತೇರಿಯ ಜೆಟ್ಟಿಗೆ ಬಂದು ನಿಂತದ್ದು ಡಿಸೆಂಬರಿನಲ್ಲಿ. ಅವನು ದೋಣಿ ಹತ್ತಬೇಕು, ಫಲ್ಗುಣಿ ನದಿ ದಾಟಿ ತಣ್ಣೀರುಬಾವಿಗೆ ಹೋಗಬೇಕು, ಅಲ್ಲಿ ಏನೋ ಆಗಬೇಕು. ಆ ‘ಏನೋ’ ಎಂಥದ್ದೆಂದು ಕೂತು ಮಾತಾಡುವ ಎಂದು ನಾನೂ ಗೆಳೆಯನೂ ತೀರ್ಮಾನಿಸಿದೆವು. ಅಜ್ಜ ನಿಂತ. ನಮಗೆ ಕೂರಲಿಕ್ಕೆ ಪುರುಸೊತ್ತಾಗಲಿಲ್ಲ.

ಚಿತ್ರ 12 ನಿಮಿಷದ್ದು. ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ ಎಂಬುದು ಆ ಕಸುಬಿನವರ ಲೆಕ್ಕ. 12 ಪುಟ, ಇಬ್ಬರು ಜನ, ತಲೆಗೆ 6. ಹಂಪನಕಟ್ಟೆಯ ಹೋಟೆಲೊಂದರಲ್ಲಿ ಎರಡು ಪ್ಲೇಟು ಗೋಳಿಬಜೆ ಮುಗಿಸುವಷ್ಟರಲ್ಲಿ ಈ ಭಾಗಾಕಾರ ಮಾಡಿ, ಅರ್ಧ ಸಿನಿಮಾ ಆದಂತೆಯೇ ಎಂದು ಕೈ ತೊಳೆದುಕೊಂಡೆವು.

ಗೆಳೆಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾನೆ. ಬ್ಯಾಂಕು ಬಿಟ್ಟ ಮೇಲೆ ತಾಳಮದ್ದಲೆಯ ಅರ್ಥಧಾರಿ. ಭಾಗವತರು ನಾಲ್ಕು ಸಾಲಿನ ಪದ್ಯ ಹೇಳಿ ನಿಲ್ಲಿಸಿದರೆ ಅರ್ಧ ಗಂಟೆ ಅರ್ಥ ಹೇಳುವ ಆಸಾಮಿ. ಬರೆದಿಟ್ಟುಕೊಂಡದ್ದಿಲ್ಲ, ಬಾಯಿಪಾಠವಿಲ್ಲ, ಎದುರು ಕೂತವನು ಒಂದು ಪ್ರಶ್ನೆ ಎಸೆದರೆ ಸಾಕು. ಇಂಥವನನ್ನು ಚಿತ್ರಕಥೆಗೆ ಜೊತೆ ಮಾಡಿಕೊಂಡದ್ದು ನನ್ನದೇ ಬುದ್ಧಿವಂತಿಕೆ. ಅಜ್ಜ ಮಿತಭಾಷಿ ಎಂದು ಇಬ್ಬರೂ ಒಪ್ಪಿದ್ದೆವು. ಗೆಳೆಯ ಬರೆದು ಕಳಿಸಿದ ಮೊದಲ ಸೀನಿನಲ್ಲಿ ಟಿಕೆಟಿನ ಹುಡುಗ ‘ಎಲ್ಲಿಗೆ ಅಜ್ಜ?’ ಎನ್ನುತ್ತಾನೆ. ಅಜ್ಜ ಮೂರೂವರೆ ಪುಟ ಉತ್ತರ ಕೊಡುತ್ತಾನೆ. ನಡುವೆ ಕರ್ಣನ ಜನ್ಮವೃತ್ತಾಂತವೂ ಬಂದು ಹೋಗುತ್ತದೆ. ಅವನನ್ನೂ ನೀರಿಗೇ ಬಿಟ್ಟದ್ದಲ್ಲವೇ ಎಂಬುದು ಸಮರ್ಥನೆ.

ನಾನು ಮೇಷ್ಟ್ರು. ಕೆಂಪು ಪೆನ್ನು ತೆಗೆದು ಅಂಚಿನಲ್ಲಿ ‘ವಿಷಯಾಂತರ’ ಎಂದು ಬರೆದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಭ್ಯಾಸಬಲ, ಕೈ ತನ್ನಷ್ಟಕ್ಕೇ 10ಕ್ಕೆ 6 ಹಾಕಿ ಸುತ್ತಲೊಂದು ಸೊನ್ನೆ ಎಳೆಯಿತು. ಆಮೇಲೆ ಎರಡು ವಾರ ಅವನು ಫೋನೆತ್ತಲಿಲ್ಲ. ನಾನು ಪಶ್ಚಾತ್ತಾಪದಿಂದ ಕ್ಷಮಾಪಣೆಯ ಉದ್ದ ಮೆಸೇಜು ಬರೆದೆ. ಆ ಕಡೆಯಿಂದ ಒಂದೇ ಸಾಲು ಬಂತು: ‘ಮಾರ್ಚ್ ಎಂಡಿಂಗ್ ಮಾರಾಯ.’ ನಾನು ತಿದ್ದಿ ಕಳಿಸಿದ ಸೀನನ್ನು ಅವನು ತೆರೆದೇ ನೋಡಿರಲಿಲ್ಲ.

ಆ ದಿನಗಳಲ್ಲೇ ಜಪಾನಿನ ನಿರ್ದೇಶಕ ಕುರೊಸಾವಾನ ಬಗ್ಗೆ ಓದಿದ್ದು. 1954ರಲ್ಲಿ ತೆರೆಗೆ ಬಂದ ‘ಸೆವೆನ್ ಸಮುರಾಯ್’ ಚಿತ್ರಕಥೆಗೆ ಅವನು ಹಶಿಮೊಟೊ, ಒಗುನಿ ಎಂಬಿಬ್ಬರನ್ನು ಕಟ್ಟಿಕೊಂಡು ಅತಾಮಿ ಎಂಬ ಊರಿನ ವಸತಿಗೃಹದಲ್ಲಿ 45 ದಿನ ಕೂತನಂತೆ. ಫೋನಿಲ್ಲ, ಬಂದವರಿಗೆ ಭೇಟಿಯಿಲ್ಲ. ಸುಮಾರು ಮೂರೂವರೆ ಗಂಟೆಯ ಸಿನಿಮಾ ಹಾಗೆ ಹುಟ್ಟಿತು. ಓದಿ ಎರಡು ದಿನ ನಾಚಿಕೆಯಾಯಿತು. ಮೂರನೇ ದಿನ ಸಮಾಧಾನವೂ ಆಯಿತು: ಆ ಮೂವರಲ್ಲಿ ಯಾರ ಹೆಂಡತಿಯ ಕಡೆಯವರೂ ಮೂಡುಬಿದಿರೆಯಲ್ಲಿ ಗೃಹಪ್ರವೇಶ ಇಟ್ಟುಕೊಂಡಿರಲಿಕ್ಕಿಲ್ಲ.

ಏಪ್ರಿಲ್, ಮೇ ಎಂದರೆ ಈ ಜಿಲ್ಲೆಯಲ್ಲಿ ಮನುಷ್ಯ ತನ್ನ ಮನೆಯಲ್ಲಿ ಊಟ ಮಾಡುವುದೇ ಅಪರೂಪ. ಮದುವೆ, ಬ್ರಹ್ಮಕಲಶ, ತರವಾಡಿನ ನೇಮ, ಹರಕೆ ಆಟ, ಎಲ್ಲ ಪತ್ತನಾಜೆಯೊಳಗೆ ಮುಗಿಯಬೇಕು. ಅದು ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ನೇಮಕ್ಕೂ ವಿರಾಮ. ನನಗೆ ಇದರ ಮೇಲೆ ಮೌಲ್ಯಮಾಪನ: ಬೆಳಿಗ್ಗೆಯಿಂದ ಸಂಜೆಯವರೆಗೆ ಉತ್ತರಪತ್ರಿಕೆ, ರಾತ್ರಿ ರಿಸೆಪ್ಶನ್ನಿನ ಐಸ್‌ಕ್ರೀಮು. ಸಿನಿಮಾದ ಮಾತೆತ್ತಿದಾಗಲೆಲ್ಲ ನಮ್ಮಿಬ್ಬರಲ್ಲಿ ಒಬ್ಬ ಹೇಳುತ್ತಿದ್ದ: ‘ಪತ್ತನಾಜೆ ಕಳೆಯಲಿ.’ ಯಾರು ಮೊದಲು ಹೇಳುವುದು ಎಂಬುದರಲ್ಲಿ ಸಣ್ಣ ಪೈಪೋಟಿಯೂ ಇತ್ತು.

ಮೇ ತಿಂಗಳ ಒಂದು ಭಾನುವಾರ ಹೇಗೋ ಇಬ್ಬರೂ ತಪ್ಪಿಸಿಕೊಂಡೆವು. ಲೊಕೇಶನ್ ನೋಡಲಿಕ್ಕೆ ಬತ್ತೇರಿಗೇ ಹೋದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ ಅದು, ಶತ್ರುಗಳ ಹಡಗು ನದಿಯೊಳಗೆ ನುಗ್ಗದ ಹಾಗೆ. ನೆಂಟರು ನುಗ್ಗದ ಹಾಗೆ ಯಾರೂ ಒಂದನ್ನು ಕಟ್ಟಿಸಿಲ್ಲ. ದೋಣಿ ಹತ್ತಿದೆವು. ಆಚೆ ದಡ ಮುಟ್ಟಲು ಕೆಲವೇ ನಿಮಿಷ. ಅಷ್ಟರಲ್ಲಿ ನನ್ನ ಬಲಕ್ಕೆ ತುಳು, ಎಡಕ್ಕೆ ಕೊಂಕಣಿ, ಹಿಂದೆ ಬ್ಯಾರಿ ಕೇಳಿಸಿತು. ಕನ್ನಡ ಮಾತಾಡುತ್ತಿದ್ದವರು ನಾವಿಬ್ಬರೇ, ಅದೂ ಅಜ್ಜ ಯಾವ ಭಾಷೆ ಮಾತಾಡಬೇಕು ಎಂದು. ಗೆಳೆಯನ ಮನೆಮಾತು ತುಳು, ನನ್ನದು ಕೊಂಕಣಿ. ಚರ್ಚೆ ಕಾವೇರಿದಾಗ ‘ಹಾಗಾದರೆ ಅಜ್ಜ ಮೂಗನಾಗಲಿ’ ಎಂದೆ. ನನ್ನ ಮಟ್ಟಿಗೆ ಅದು ಈ ಐದು ತಿಂಗಳಲ್ಲಿ ಹೊಳೆದ ಒಂದೇ ಒಳ್ಳೆಯ ಐಡಿಯಾ. ಅರ್ಥಧಾರಿಯ ಮುಖ, ತನ್ನ ಪಾತ್ರವನ್ನೇ ಪ್ರಸಂಗದಿಂದ ಕಿತ್ತುಹಾಕಿದ ಹಾಗೆ, ಇಳಿದುಹೋಯಿತು.

ಅಷ್ಟರಲ್ಲಿ ಎದುರು ಕೂತವರೊಬ್ಬರು ‘ಮೊನ್ನೆ ಕರ್ಣ ಮಾಡಿದ್ದು ನೀವಲ್ವಾ?’ ಎಂದು ತುಳುವಿನಲ್ಲಿ ಕೇಳಿದರು. ಇಳಿದ ಮುಖ ಮತ್ತೆ ಏರಿತು. ಕೈಯೂ ಅಂಗಿಯ ಜೇಬಿಗೆ ಹೋಗಿ ಪುಟ್ಟ ಡೈರಿ ಹೊರಗೆ ಬಂತು. ಅವರು ದಿನಾಂಕ ಹೇಳುತ್ತ ಹೋದರು, ಇವನು ಬರೆಯುತ್ತ ಹೋದ. ಬರೆಯಲಿಕ್ಕೆ ಅಷ್ಟು ವೇಗ ಅವನಲ್ಲಿದೆ ಎಂದು ನನಗೆ ಅಂದೇ ಗೊತ್ತಾದದ್ದು.

ಏನು ಬರೆದ ಎಂದು ಮಾತ್ರ ನೋಡಲಿಲ್ಲ. ಪತ್ತನಾಜೆ ಕಳೆಯಿತು, ಮಳೆ ಹಿಡಿಯಿತು. ನಾನು ಹೊಸ ನೋಟ್‌ಬುಕ್ಕು ಕೊಂಡು, ಎರಡು ಪೆನ್ಸಿಲ್ ಚೂಪು ಮಾಡಿ ಅವನಿಗೆ ಫೋನು ಹಚ್ಚಿದೆ. ಹಿನ್ನೆಲೆಯಲ್ಲಿ ಮದ್ದಲೆಯ ಸದ್ದು. ಬಯಲಾಟ ನಿಂತ ಮೇಲೆ ಮಳೆಗಾಲವಿಡೀ ಮಾಡಿನಡಿಯಲ್ಲಿ ತಾಳಮದ್ದಲೆಯದೇ ಸೀಸನ್ ಎಂಬುದು, ಈ ಊರಲ್ಲಿ ಹುಟ್ಟಿದ ನನಗೆ ನೆನಪಾಗದೆ ಹೋಗಿತ್ತು.

‘ಆಟಿ ಕಳೆಯಲಿ ಮಾರಾಯ’ ಎಂದ. ಆಟಿ ತಿಂಗಳು ಕಳೆದರೆ ಸೋಣ, ಅಷ್ಟಮಿ, ಚೌತಿ, ಆಮೇಲೆ ಕುದ್ರೋಳಿಯ ದಸರಾ. ನಾನು ಏನೂ ಹೇಳಲಿಲ್ಲ; ನನಗೂ ಚೌತಿಗೆ ಒಂದು ಸಮಿತಿ ಇತ್ತು.

ರಾತ್ರಿ ಹನ್ನೊಂದಕ್ಕೆ ಅವನ ಮೆಸೇಜು ಬಂತು. ಚಿತ್ರಕಥೆಗೆ ತಿದ್ದುಪಡಿ, ಮಾರ್ಚಿನ ನಂತರ ಮೊದಲನೆಯದು: ‘ಜೆಟ್ಟಿಯಲ್ಲಿ ಅಜ್ಜ ನೆನೆಯುತ್ತಾ ಇದ್ದಾನೆ. ಒಂದು ಕೊಡೆ ಕೊಡು.’

ಎದ್ದು ಕೂತು ಕೊಟ್ಟೆ.