ಗಾಜಿನ ತೊಟ್ಟಿಯ ಖಾನೇಷುಮಾರಿ

ನಿಯಾನ್ ಟೆಟ್ರಾ ಎಂಬ, ಪೂರ್ತಿ ಬೆಳೆದರೂ ಮೂರು ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಲ್ಲುವ, ಮೈಯುದ್ದಕ್ಕೂ ಹೊಳೆಯುವ ನೀಲಿ ಗೆರೆಯನ್ನೂ ಬಾಲದ ಕಡೆಯ ಅರ್ಧಕ್ಕೆ ಕೆಂಪು ಪಟ್ಟಿಯನ್ನೂ ಹೊತ್ತ ಮೀನನ್ನು ಒಂಟಿಯಾಗಿ ಸಾಕಕೂಡದೆಂಬುದು ಮನೆಯ ಅಕ್ವೇರಿಯಂ ಶಾಸ್ತ್ರದ ಮೊದಲ ವಿಧಿ. ಅಮೆಜಾನ್ ಜಲಾನಯನದ ತೊರೆಗಳಲ್ಲಿ ದೊಡ್ಡ ಗುಂಪುಗಳಾಗಿ ಬಾಳುವ ಈ ಜೀವಿ ಒಂಟಿಯಾದರೆ ಬಣ್ಣಗೆಟ್ಟು, ಗಿಡದ ಹಿಂದೆ ಅವಿತು, ಹಾಕಿದ ಆಹಾರವನ್ನೂ ಮೂಸದೆ ಸೊರಗುತ್ತದಾದ್ದರಿಂದ, ಬಲ್ಲವರು ಕನಿಷ್ಠ ಆರನ್ನು, ಅನುಕೂಲವಿದ್ದರೆ ಹತ್ತು ಹನ್ನೆರಡನ್ನು ಒಟ್ಟಿಗೆ ಬಿಡಬೇಕೆನ್ನುತ್ತಾರೆ. ಈ ಮಾತನ್ನು ನಂಬಿ ಒಂದು ಡಜನ್ ಮೀನನ್ನು ಮನೆಗೆ ತಂದ ಗೃಹಸ್ಥನು, ತಂದ ಗಳಿಗೆಯಿಂದಲೇ ಆ ಹನ್ನೆರಡಕ್ಕೂ ಜವಾಬುದಾರನಾಗುತ್ತಾನೆ. ಒಂದೇ ಮೀನು ಸಾಕುವವನ ಲೆಕ್ಕ ಸರಳ: ಮೀನು ಇದೆ, ಇಲ್ಲವೇ ಇಲ್ಲ. ಹನ್ನೆರಡು ಸಾಕುವವನು ದಿನವೂ ಎಣಿಸಬೇಕು; ಎಣಿಸಲು ಮೀನು ಬಿಡುವುದಿಲ್ಲ.

ನೀರಿನ ವಿಚಾರವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ನಿಯಾನ್ ಟೆಟ್ರಾಕ್ಕೆ ತುಸು ಆಮ್ಲೀಯವಾದ ಮೃದು ನೀರು ಬೇಕು, ಬೋರ್‌ವೆಲ್ ಕೊಡುವುದು ಗಡಸು ನೀರನ್ನು; ಕಾವೇರಿ ನೀರು ಬರುವ ದಿನ ಅದರೊಡನೆ ಕ್ಲೋರಿನ್ನೂ ಬರುತ್ತದೆ; ಮೀನಿನ ವಿಸರ್ಜನೆಯಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಅನಂತರ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ವಾರಗಟ್ಟಲೆ ಹಿಡಿಯುತ್ತದೆ; ಆ ವಾರಗಳಲ್ಲಿ ಮೀನೇ ಇಲ್ಲದ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವ ಯಜಮಾನನ ಬಗ್ಗೆ ಮನೆಯವರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಾರೆ. ಇಷ್ಟು ಸಾಕು. ವಾಸ್ತು ಬಲ್ಲವರ ವಿಚಾರವನ್ನು ಮಾತ್ರ ಬಿಟ್ಟು ಮುಂದೆ ಹೋಗುವಂತಿಲ್ಲ. ತೊಟ್ಟಿ ಈಶಾನ್ಯದಲ್ಲಿರಬೇಕು, ಅದರಲ್ಲಿ ಎಂಟು ಹೊನ್ನಿನ ಬಣ್ಣದವೂ ಒಂದು ಕಪ್ಪಿನದೂ ಸೇರಿ ಒಂಬತ್ತು ಮೀನುಗಳಿರಬೇಕು ಎಂದು ಕಾಫಿ ಮುಗಿಯುವ ಮೊದಲೇ ತೀರ್ಪು ಕೊಡುವ ಈ ಅತಿಥಿಗಳು, ಅಮೋನಿಯಕ್ಕೆ ದಿಕ್ಕಿನ ಭೇದ ತಿಳಿಯದೆಂಬ ಸಂಗತಿಯನ್ನು ಕೇಳಿಸಿಕೊಳ್ಳದೆ, ಹೊರಡುವಾಗ ಗಾಜನ್ನು ಬೆರಳಿನಿಂದ ಟಕಟಕನೆ ಬಡಿದೇ ಹೋಗುತ್ತಾರೆ.

ಮತ್ಸ್ಯಶಾಸ್ತ್ರವೂ ಎಣಿಕೆಯ ಮೇಲೆಯೇ ನಿಂತಿದೆ. ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸಲು ವಿದ್ವಾಂಸರು ರೆಕ್ಕೆಯ ಕಡ್ಡಿಗಳನ್ನೂ ಪಾರ್ಶ್ವರೇಖೆಯ ಮೇಲಿನ ಹುರುಪೆಗಳನ್ನೂ ಎಣಿಸುತ್ತಾರೆ. ಪಾರ್ಶ್ವರೇಖೆಯೆಂದರೆ ನೀರಿನ ಅಲುಗಾಟವನ್ನು ಗ್ರಹಿಸಲು ಮೀನಿನ ಪಕ್ಕೆಯುದ್ದಕ್ಕೂ ಇರುವ ಸಂವೇದನೆಯ ಸಾಲು. ಇಂಥ ಎಣಿಕೆದಾರರಲ್ಲೊಬ್ಬನಾದ, ಟಿಪ್ಪುವಿನ ಪತನಾನಂತರ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಹೊಲ, ಮಗ್ಗ, ಕುರಿ, ಕಂದಾಯ ಎಂದು ಕಣ್ಣಿಗೆ ಬಿದ್ದುದನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕನ್ನಡದ ಇತಿಹಾಸಾಸಕ್ತರಿಗೆ ಪರಿಚಿತನೇ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದ ಅದೇ ಮಹಾಶಯನು 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಇಂದು ಲೋಕದ ತೊಟ್ಟಿಗಳಲ್ಲೂ ಪ್ರಯೋಗಶಾಲೆಗಳಲ್ಲೂ ಈಜುತ್ತಿರುವ ಝೀಬ್ರಾ ಡೇನಿಯೊವನ್ನು ಮೊದಲ ಬಾರಿಗೆ ವರ್ಣಿಸಿದನು. ನಿಯಾನ್ ಟೆಟ್ರಾಕ್ಕೆ ಶಾಸ್ತ್ರೀಯ ನಾಮಕರಣವಾದದ್ದು 1936ರಲ್ಲಿ. ಅದರ ದಾಯಾದಿಯಾದ ಕಾರ್ಡಿನಲ್ ಟೆಟ್ರಾಕ್ಕಂತೂ 1956ರ ಫೆಬ್ರವರಿಯಲ್ಲಿ ಎರಡು ಕಡೆಯ ವಿದ್ವಾಂಸರು ಒಂದೇ ದಿನದ ಅಂತರದಲ್ಲಿ ಬೇರೆಬೇರೆ ಹೆಸರಿಟ್ಟು, ಕಡೆಗೆ ಒಂದು ದಿನ ಮುಂಚಿನದಕ್ಕೆ ಮಾನ್ಯತೆ ಸಿಕ್ಕಿತು. ಇವರೆಲ್ಲರಿಗೂ ಇದ್ದ ಒಂದು ಅನುಕೂಲವನ್ನು ಗಮನಿಸಬೇಕು: ಇವರು ಎಣಿಸಿದ ಮೀನುಗಳು ಅಲ್ಲಾಡುತ್ತಿರಲಿಲ್ಲ.

ಗೃಹಸ್ಥನ ಮೀನುಗಳು ಅಲ್ಲಾಡುತ್ತವೆ. ಅವು ಗುಂಪು ಕಟ್ಟುವುದೇ ಎಣಿಕೆಗೆ ಸಿಗದಿರಲಿಕ್ಕೆ. ಬೇಟೆಗಾರ ಮೀನು ಗುಂಪಿನ ಮೇಲೆ ಎರಗಿದಾಗ ಒಂದೇ ಬಗೆಯ ಹತ್ತಾರು ಮೈಗಳು ಹತ್ತಾರು ದಿಕ್ಕಿಗೆ ಸರಿಯುವುದರಿಂದ, ಯಾವುದೋ ಒಂದರ ಮೇಲೆ ದೃಷ್ಟಿಯನ್ನು ನೆಡಲಾಗದೆ ಅದು ತಬ್ಬಿಬ್ಬಾಗುತ್ತದೆ. ಜೀವಶಾಸ್ತ್ರಜ್ಞರು ಇದನ್ನು ಗೊಂದಲದ ಪರಿಣಾಮವೆನ್ನುತ್ತಾರೆ. ಲಕ್ಷಾಂತರ ವರ್ಷಗಳ ವಿಕಾಸದಿಂದ ಪಳಗಿದ ಈ ವಿದ್ಯೆಯನ್ನು, ಆಫೀಸಿಗೆ ಹೊರಡುವ ಮುನ್ನ ಸಿಗುವ ಹತ್ತು ನಿಮಿಷದಲ್ಲಿ ಸೋಲಿಸಲು ಹೊರಟವನು ಏಳರವರೆಗೆ ಸಲೀಸಾಗಿ ಬಂದು, ಎಂಟನೆಯದು ಈಗಾಗಲೇ ಎಣಿಸಿದ ಮೂರನೆಯದಿರಬಹುದೆಂಬ ಶಂಕೆ ಬಂದು, ಮತ್ತೆ ಒಂದರಿಂದ ಆರಂಭಿಸುತ್ತಾನೆ. ಫಲಿತಾಂಶ ಹನ್ನೊಂದು. ಮರುಎಣಿಕೆಯಲ್ಲಿ ಹದಿಮೂರು. ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ ಹನ್ನೆರಡೇ ಬರುತ್ತದೆಂಬುದು ಗಣಿತದ ಮಟ್ಟಿಗೆ ನಿಜವಾದರೂ, ಮನಸ್ಸಿಗೆ ಸಮಾಧಾನ ಕೊಡುವುದಿಲ್ಲ.

ಆಗ ಹೆಂಡತಿಯ ನೆರವು ಕೋರಲಾಗುತ್ತದೆ. ತೊಟ್ಟಿಯ ನಡುವಿನ ಮರದ ಬೊಡ್ಡೆಯನ್ನು ಗಡಿಯಾಗಿಟ್ಟುಕೊಂಡು, ಎಡಭಾಗ ಆಕೆಯದೆಂದೂ ಬಲಭಾಗ ಯಜಮಾನರದೆಂದೂ ಒಪ್ಪಂದವಾಗುತ್ತದೆ.

‘ನಿನ್ನ ಕಡೆ ಎಷ್ಟೇ?’

‘ಐದು. ಇರಿ, ಆರು. ಅಯ್ಯೋ, ಒಂದು ನಿಮ್ಮ ಕಡೆ ಬಂತಲ್ರೀ.’

‘ಅದನ್ನ ನೀನು ಎಣಿಸಿದ್ಯೋ ಇಲ್ವೋ?’

‘ಎಣಿಸಿದ್ದು ಇದನ್ನೇನಾ ಅಂತ ಹೆಂಗ್ರೀ ಹೇಳೋದು? ಎಲ್ಲಾ ಒಂದೇ ಥರ ಇದಾವೆ. ಒಲೆ ಮೇಲೆ ಹಾಲಿಟ್ಟಿದೀನಿ, ನಾನು ಬಂದೆ.’

ಗಡಿ ದಾಟುವ ಮೀನು ಎರಡೂ ಪಟ್ಟಿಯಲ್ಲಿ ನಮೂದಾಗುವುದೋ ಎರಡರಿಂದಲೂ ತಪ್ಪಿಸಿಕೊಳ್ಳುವುದೋ ಎಂಬ ಈ ತೊಡಕಿನಿಂದ ಪಾರಾಗಲು ಮೊಬೈಲಿನಲ್ಲಿ ಫೋಟೊ ತೆಗೆಯುವ ಕ್ರಮ ರೂಢಿಗೆ ಬಂದಿದೆ. ಫೋಟೊದಲ್ಲಿ ಮೀನು ನಿಲ್ಲುತ್ತದೆ, ನಿಜ. ಆದರೆ ಒಂದರ ಹಿಂದೆ ಒಂದು ನಿಂತ ಜೋಡಿ ಒಂದಾಗಿ ಕಾಣುತ್ತದೆ, ಪಕ್ಕದ ಗಾಜಿನ ಸಮೀಪವಿರುವ ಮೀನು ತನ್ನ ಪ್ರತಿಬಿಂಬವನ್ನೂ ಸೇರಿಸಿಕೊಂಡು ಎರಡಾಗುತ್ತದೆ. ಪ್ರತಿಬಿಂಬವಾವುದು, ಮೀನಾವುದು ಎಂದು ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡುವವನಿಗೆ ಅದ್ವೈತದ ಕಷ್ಟ ಮೊದಲ ಬಾರಿಗೆ ಅರಿವಾಗುತ್ತದೆ. ಆಹಾರದ ಚಿಟಿಕೆ ಬಿದ್ದಾಗ ಎಲ್ಲವೂ ಮೇಲಕ್ಕೆ ಬರುತ್ತವೆಂಬ ಭರವಸೆಯಿಂದ ಎಣಿಕೆಗಾಗಿಯೇ ಮತ್ತೆ ಮತ್ತೆ ಆಹಾರ ಹಾಕಿದರೆ ನೀರು ಕೆಡುತ್ತದೆ. ರಾತ್ರಿ ಮೀನುಗಳು ನಿಂತಲ್ಲೇ ತೇಲುತ್ತವೆಯಾದರೂ, ನೀಲಿ ಗೆರೆಯ ಹೊಳಪು ಕತ್ತಲಲ್ಲಿ ಮಾಸಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಟಾರ್ಚ್ ಹಾಕಿದರೆ ಬಣ್ಣ ಬರುವ ಮೊದಲೇ ಚದುರುತ್ತವೆ. ನಡುರಾತ್ರಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಟಾರ್ಚಿನ ಬಾಯಿಗೆ ಕರವಸ್ತ್ರ ಸುತ್ತಿ, ಉಸಿರು ಬಿಗಿಹಿಡಿದು, ಹಾಲಿನ ನೆಲದ ಮೇಲೆ ತುದಿಗಾಲಲ್ಲಿ ಸಾಗುವ ಗೃಹಸ್ಥನು ಒಂಬತ್ತರ ಹೊತ್ತಿಗೆ ಸೀನುತ್ತಾನೆ. ಈ ವಿವರಗಳು ಪ್ರಬಂಧಕಾರನಿಗೆ ಇಷ್ಟು ಸೂಕ್ಷ್ಮವಾಗಿ ಹೇಗೆ ತಿಳಿದವೆಂಬ ಪ್ರಶ್ನೆ ಶಾಸ್ತ್ರವಿವೇಚನೆಯ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟೆಲ್ಲ ಏಕೆ ಎಂದರೆ, ಕಾರಣವಿಲ್ಲದಿಲ್ಲ. ಐವತ್ತು ಲೀಟರಿನ ತೊಟ್ಟಿಯಲ್ಲಿ ಬೊಡ್ಡೆಯ ಹಿಂದೆ ಸತ್ತುಬಿದ್ದ ಒಂದು ಮೀನು ಕೊಳೆತರೆ ಉಳಿದವುಗಳಿಗೆ ಕುತ್ತು. ನಿಯಾನ್ ಟೆಟ್ರಾ ರೋಗವೆಂದೇ ಹೆಸರಾದ, ನೆಚ್ಚಬಹುದಾದ ಮದ್ದಿಲ್ಲದ ಪರಾವಲಂಬಿಯ ಸೋಂಕು ತಗುಲಿದ ಮೀನು ಮೈಯಲ್ಲಿ ಅಲ್ಲಲ್ಲಿ ಬಣ್ಣ ಕಳೆದುಕೊಂಡು, ಗುಂಪಿನಿಂದ ತಾನೇ ದೂರ ಸರಿಯುತ್ತದೆ. ಸತ್ತ ಮೇಲೆ ಜೊತೆಯವೇ ಅದನ್ನು ತಿನ್ನಬಹುದು; ಸೋಂಕೂ ಹಾಗೆಯೇ ಹರಡುತ್ತದೆ. ಗುಂಪಿನಲ್ಲಿ ಒಂದು ಇಲ್ಲವಾದರೆ ಗುಂಪು ನಿಲ್ಲುವುದಿಲ್ಲ, ಅದರ ಆಕಾರವೂ ಕೆಡುವುದಿಲ್ಲ. ಇಲ್ಲವಾಯಿತೆಂಬುದು ತಿಳಿಯುವುದು ಎಣಿಸುವವನೊಬ್ಬನಿಗೆ.

ತೊಟ್ಟಿಯ ಹೊರಗೆ ಎಣಿಸುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ವ್ಯಾಪಾರದಲ್ಲಿ ‘ಮಿಸ್ ಕೇರಳ’ ಎನಿಸಿಕೊಂಡ, ಕೆಂಪು ಮತ್ತು ಕಪ್ಪು ಗೆರೆಯ ಚೆಲುವೆಯನ್ನು ಫ್ರಾನ್ಸಿಸ್ ಡೇ 1865ರಲ್ಲಿ ವರ್ಣಿಸಿದನು. ಕೇರಳದ ಹಾಗೂ ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಗುಂಪುಗಟ್ಟಿ ಬದುಕುವ ಈ ಮೀನಿಗೆ ಹೊರದೇಶಗಳ ತೊಟ್ಟಿಗಳಿಂದ ಬೇಡಿಕೆ ಹುಟ್ಟಿದಾಗ, ಹೊಳೆಯಲ್ಲಿ ಎಷ್ಟಿವೆಯೆಂದು ಯಾರೂ ಎಣಿಸುವ ಮುನ್ನವೇ ಬಲೆ ಇಳಿಯಿತು. ಹೊಳೆಯಿಂದ ಎತ್ತಿದವುಗಳ ಲೆಕ್ಕ ರಫ್ತಿನ ಕಾಗದದಲ್ಲಿ ಇದ್ದೀತು. ಹೊಳೆಯಲ್ಲಿ ಉಳಿದವುಗಳ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ. ಇಂದು ಅದು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿದೆ. ತೊಟ್ಟಿಯ ಗಾಜಿನ ಈಚೆ ಕುರ್ಚಿ ಹಾಕಿಕೊಂಡು ಕೂತವನು ಈ ಬೇಡಿಕೆಯಲ್ಲಿ ತನ್ನ ಪಾಲೆಷ್ಟೆಂದು ಎಣಿಸುವುದು ಅಪರೂಪ.

ಇನ್ನು ಮನೆಯ ಲೆಕ್ಕದಲ್ಲಿ ಒಂದು ಮೂಲಭೂತ ತೊಡಕು ಉಳಿದಿದೆ. ಅಂಗಡಿಯಾತನು ಪುಟ್ಟ ಬಲೆಯಿಂದ ಮೀನುಗಳನ್ನು ಎರಡು, ಮೂರು ಎಂದು ಒಟ್ಟಿಗೆ ಎತ್ತಿ ಪ್ಲಾಸ್ಟಿಕ್ ಕವರಿಗೆ ಸುರಿದು, ಆಕ್ಸಿಜನ್ ತುಂಬಿ, ರಬ್ಬರ್ ಬ್ಯಾಂಡ್ ಸುತ್ತುವ ವೇಗದಲ್ಲಿ ‘ಡಜನ್’ ಎಂಬುದು ಒಂದು ಅಂದಾಜು ಮಾತ್ರ. ಅದರ ಮೇಲೆ, ಸೊಪ್ಪಿನವಳು ಕೊತ್ತಂಬರಿ ಕಡ್ಡಿ ಸೇರಿಸಿದಂತೆ, ಕೊಸರೆಂದು ಒಂದನ್ನು ಹಾಕುವ ಉದಾರಿಗಳೂ ಉಂಟು. ಹಾಗಾದರೆ ಹದಿಮೂರು ಬಂದ ಎಣಿಕೆ ತಪ್ಪೋ, ಹನ್ನೆರಡು ಬಂದ ದಿನ ಒಂದು ಸತ್ತಿತ್ತೋ ಎಂಬುದು ಇತ್ಯರ್ಥವಾಗಬೇಕಾದರೆ ಆ ಕೊಸರು ನಿಜವಾಗಿ ಬಿದ್ದಿತ್ತೇ ಎಂಬುದು ಮೊದಲು ಗೊತ್ತಾಗಬೇಕು. ಇದನ್ನು ಕೇಳಲೆಂದೇ ಅಂಗಡಿಗೆ ಫೋನು ಮಾಡುವ ಗಿರಾಕಿಗಳಿದ್ದಾರೆ. ಅವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಇದು: ‘ಸಾರ್, ಎಲ್ಲಾ ಓಡಾಡ್ಕೊಂಡಿದಾವಾ? ಹಂಗಾದ್ರೆ ಲೆಕ್ಕ ಸರಿಯಾಗೇ ಇದೆ ಬಿಡಿ.’