ಅವಿಭಾಜ್ಯ ಗಣರಾಜ್ಯದ ವೀಸಾ ಚೀಟಿ: ಒಂದು ಕಾಲ್ಪನಿಕ ಸಂದರ್ಶನ

ಯುರೋಪಿನ ಹಲವು ದೇಶಗಳಲ್ಲಿ ಒಟ್ಟಾಗಿ ಮಾನ್ಯವಾಗುವ, ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ತಂಗಲು ಬಿಡುವ ಅನುಮತಿಯೇ ಷೆಂಗೆನ್ ವೀಸಾ. ಭಾರತೀಯ ಪಾಸ್‌ಪೋರ್ಟೊಂದಕ್ಕೆ ಅಂಟಿದ್ದ ಇಂತಹ ಚೀಟಿಯೊಂದು, ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪಕ್ಕೆ ಹೊರಟಿದ್ದ ತನ್ನ ಯಜಮಾನನನ್ನು ಪ್ಯಾರಿಸ್‌ನ ಓರ್ಲಿ ನಿಲ್ದಾಣದ ಕೌಂಟರಿನಲ್ಲಿ ನಿಲ್ಲಿಸಿದ ಬಿಡುವಿನಲ್ಲಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ಫ್ರೆಂಚ್ ಸಂವಿಧಾನದ 1ನೇ ವಿಧಿಯ ಪ್ರಕಾರ ಗಣರಾಜ್ಯವು ಅವಿಭಾಜ್ಯ, ಮಾರ್ಟಿನಿಕ್ 1946ರಿಂದ ಅದರ ಒಂದು ಜಿಲ್ಲೆ. ಹೀಗಿರುವಾಗ ತಡೆಯೇಕೆ?

ಚೀಟಿ: ಅವಿಭಾಜ್ಯವೆಂಬುದರಲ್ಲಿ ಸಂದೇಹವಿಲ್ಲ, ಆದರೆ 1990ರ ಷೆಂಗೆನ್ ಒಡಂಬಡಿಕೆಯು ತನ್ನ 138ನೇ ವಿಧಿಯಂತೆ ಫ್ರಾನ್ಸಿನ ಯುರೋಪಿನೊಳಗಿನ ಭಾಗಕ್ಕಷ್ಟೇ ಅನ್ವಯಿಸುವುದರಿಂದ, ಈ ಚೀಟಿಯ ಮಟ್ಟಿಗೆ ಫ್ರಾನ್ಸ್ ಅಟ್ಲಾಂಟಿಕ್‌ನ ಈಚೆ ದಡದಲ್ಲೇ ಮುಗಿಯುತ್ತದೆ. ಆಚೆಗೆ ಬೇರೆ ಅರ್ಜಿ, ಬೇರೆ ಚೀಟಿ. ಕೊಡುವುದು ಮಾತ್ರ ಅದೇ ಸರ್ಕಾರ.

ಪ್ರಶ್ನೆ: ಅಲ್ಲಿ ನಡೆಯುವುದೂ ಯೂರೋ ತಾನೆ?

ಚೀಟಿ: ಹೌದು, ಯೂರೋ ನೋಟಿನ ನಕ್ಷೆಯ ಅಂಚಿನಲ್ಲಿ ಮಾರ್ಟಿನಿಕ್ಕೂ ಪುಟ್ಟದಾಗಿ ಅಚ್ಚಾಗಿದೆ. ನೋಟಿಗೆ ವೀಸಾ ಬೇಕಿಲ್ಲ.

ಪ್ರಶ್ನೆ: ಎರಡನೆಯ ಚೀಟಿಯೂ ಕೈಸೇರಿ, ಪ್ರವಾಸಿ ದ್ವೀಪಕ್ಕೆ ಹೋದರೆ?

ಚೀಟಿ: ಆತನ ಷೆಂಗೆನ್ ವೀಸಾ ಏಕಪ್ರವೇಶದ್ದಾದರೆ, ಅಂದರೆ ಒಮ್ಮೆ ಮಾತ್ರ ಒಳಬರಲು ಬಿಡುವಂಥದ್ದಾದರೆ, ಓರ್ಲಿಯಿಂದ ಹೊರಟೊಡನೆ ಅದರ ಆಯುಷ್ಯ ಮುಗಿಯಿತು, ಫ್ರಾನ್ಸಿನಿಂದ ಫ್ರಾನ್ಸಿಗೆ ಹೋದವನು ಅದೇ ವೀಸಾದಲ್ಲಿ ಫ್ರಾನ್ಸಿಗೆ ಮರಳಲಾರ.

ಈವರೆಗೆ ಗತ್ತಿನಿಂದಲೇ ಉತ್ತರಿಸುತ್ತಿದ್ದ ಚೀಟಿಯು ಒಯಾಪೋಕ್ ನದಿಯ ಹೆಸರೆತ್ತಿದಾಗ ತುಸು ತಡವರಿಸಿತು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾವನ್ನು ಬ್ರೆಜಿಲ್‌ಗೆ ಜೋಡಿಸುವ ಅಲ್ಲಿನ ಸೇತುವೆ 2011ರಲ್ಲೇ ಸಿದ್ಧವಾಗಿದ್ದರೂ ವಾಹನಗಳಿಗೆ ತೆರೆದದ್ದು 2017ರಲ್ಲಿ. ಆಗ ಬ್ರೆಜಿಲ್ ಪ್ರಜೆಯೊಬ್ಬ ಪ್ಯಾರಿಸ್‌ಗೆ ವೀಸಾ ಇಲ್ಲದೆ ಹೋಗಬಹುದಾಗಿತ್ತು, ಆದರೆ ಎದುರಿಗೇ ಕಾಣುವ ಫ್ರೆಂಚ್ ದಡಕ್ಕೆ ವೀಸಾ ಬೇಕಾಗಿತ್ತು.

ಚೀಟಿ: ಪ್ಯಾರಿಸ್‌ಗೆ ಬರುವವನು ಅತಿಥಿ, ನದಿ ದಾಟುವವನು ನೆರೆಯವನು. ಅತಿಥಿ ಮರಳುತ್ತಾನೆಂಬ ನಂಬಿಕೆ ನೆರೆಯವನ ವಿಷಯದಲ್ಲಿ ಯಾವ ಸರ್ಕಾರಕ್ಕೂ ಇರುವುದಿಲ್ಲ.

ಪ್ರಶ್ನೆ: ಅದೇ ಗಯಾನಾದ ಕೌರು ಉಡಾವಣಾ ಕೇಂದ್ರದಿಂದ 2018ರ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಸಿದ್ಧವಾದ 5,854 ಕೆ.ಜಿ. ತೂಕದ ಜಿಸ್ಯಾಟ್-11 ಉಪಗ್ರಹ ಗಗನಕ್ಕೇರಿತಲ್ಲ; ಅದರ ವೀಸಾ?

ಚೀಟಿ: ಅದು ಸರಕು, ಅದಕ್ಕೆ ಸುಂಕದ ಕಾಗದ ಸಾಕು. ಜೊತೆಗೆ ಹೋಗುವ ಎಂಜಿನಿಯರ್ ಮಾತ್ರ ಷೆಂಗೆನ್ ಚೀಟಿಯನ್ನು ನಂಬಿ ಹೊರಡಬಾರದು.