ಕ್ರಿಪ್ಟೋ ಕಲಿಕೆಯ ಆಕರಗಳು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಗ್ರಂಥಸಂಪಾದನಾ ವಿಚಾರ

ಕ್ರಿಪ್ಟೋ ಕರೆನ್ಸಿಯನ್ನು ಹೊಸದಾಗಿ ಕಲಿಯುವವರಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ದೊರೆಯುವ ಆಕರಗಳು ಎರಡು ಬಗೆ: ದುಡ್ಡು ಹಾಕಲು ಹೇಳುವಂಥವು, ಹೇಳದಂಥವು. ಮೊದಲನೆಯದು ಮೌಖಿಕ ಪರಂಪರೆಗೆ ಸೇರಿದ್ದು. ಬಿ.ಸಿ. ರೋಡಿನ ಹೋಟೆಲಿನಲ್ಲಿ ಚಹಾ ಬರುವ ಮೊದಲೇ ಇದರ ನಾಂದಿ ಮುಗಿದಿರುತ್ತದೆ: "ಆರು ತಿಂಗಳಲ್ಲಿ ಡಬಲ್ ಮಾರಾಯ್ರೆ, ನಮ್ಮ ಭಾವನಿಗೆ ಬಂದಿದೆ." ಭಾವ ಮಾತ್ರ ಯಾವ ಅಧ್ಯಾಯದಲ್ಲೂ ಪ್ರತ್ಯಕ್ಷನಾಗುವುದಿಲ್ಲ. ಕರ್ತೃ ಅಜ್ಞಾತ, ಕರ್ಮ ಕೇಳುಗನದು. ವಾಟ್ಸಾಪಿನಲ್ಲಿ ಪಾಠಾಂತರಗಳು ವಿಪುಲವಾಗಿದ್ದರೂ ಕೊನೆಯ ಸಾಲು ಎಲ್ಲ ಪ್ರತಿಗಳಲ್ಲೂ ಒಂದೇ: ಇನ್ನಿಬ್ಬರನ್ನು ಸೇರಿಸಿ.

ಎರಡನೆಯ ಬಗೆಯಲ್ಲಿ ಮೂಲಗ್ರಂಥವೆಂದರೆ ಸತೋಶಿ ನಾಕಾಮೊಟೊ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಹೊರಬಂದ ಬಿಟ್‌ಕಾಯಿನ್ ಪ್ರಬಂಧ. ಒಟ್ಟು 9 ಪುಟ, ಬೆಲೆ ಇಲ್ಲ. ಮೂಡುಬಿದಿರೆಯ ಕವಿ ರತ್ನಾಕರವರ್ಣಿಯ ಊರು ಗೊತ್ತು, ಕಾಲ 16ನೇ ಶತಮಾನ. ಸತೋಶಿಗೆ ತಾರೀಖು ಉಂಟು, ಊರಿಲ್ಲ. ನಡುವೆ ನಂಬಿಕಸ್ತ ಮೂರನೆಯವರು ಬೇಡವೆಂಬುದು ಗ್ರಂಥದ ಪ್ರತಿಜ್ಞೆ. ವ್ಯಾಜ್ಯವನ್ನು ಧರ್ಮಸ್ಥಳದ ಹೆಗ್ಗಡೆಯವರ ಮುಂದಿಟ್ಟು ತೀರಿಸಿಕೊಂಡು ಬಂದ ಬೆಳ್ತಂಗಡಿಯ ಓದುಗನಿಗೆ ಗಣಿತಕ್ಕಿಂತ ಇದೇ ಕಠಿಣ.

ಬಿಟ್‌ಕಾಯಿನಿನ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್ ತಿಳಿಯಲು ಮೂಡುಬಿದಿರೆಗೆ ಹೋದರೆ ಸಾಕು. ಧವಲಾ ಎಂಬ ಜೈನ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಅಲ್ಲಿಯ ಬಸದಿಯಲ್ಲಿ ದರ್ಶನಕ್ಕಷ್ಟೇ ಇದ್ದು, ಅಚ್ಚಾಗತೊಡಗಿದ್ದು 1939ರಲ್ಲಿ. ಗರಿ ಮುರಿದಲ್ಲಿ ಪಾಠ ನಷ್ಟ, ಲಿಪಿಕಾರ ತಪ್ಪಿದಲ್ಲಿ ಸಂಶೋಧಕನಿಗೆ ಜೀವಮಾನದ ಕೆಲಸ. ಬ್ಲಾಕ್‌ಚೈನ್ ಇದಕ್ಕೆ ವಿರುದ್ಧ. ಲೆಕ್ಕದ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ಪ್ರತಿ ಕಟ್ಟಿನಲ್ಲೂ, ಅಂದರೆ ಬ್ಲಾಕಿನಲ್ಲೂ, ಹಿಂದಿನ ಕಟ್ಟಿನ ಗುರುತು, ಅಂದರೆ ಹ್ಯಾಶ್, ಬರೆದಿರುತ್ತದೆ. ಬಿಟ್‌ಕಾಯಿನಿನಲ್ಲಿ ಇದು 64 ಅಂಕಿ-ಅಕ್ಷರಗಳ ಸಾಲು. ಹಳೆಯ ಕಟ್ಟಿನಲ್ಲಿ 5ನ್ನು 6 ಮಾಡಿದರೂ ಈ ಸಾಲು ಗುರುತೇ ಸಿಗದಷ್ಟು ಬದಲಾಗಿ, ಮುಂದಿನ ಕಟ್ಟುಗಳೆಲ್ಲ ತಾಳ ತಪ್ಪುತ್ತವೆ. ಪಾಠಾಂತರವೇ ಇಲ್ಲದ ಈ ಗ್ರಂಥದಿಂದ ಸಂಪಾದಕರಿಗೆ ನಿರುದ್ಯೋಗ ಖಂಡಿತ.

ವ್ಯಾಖ್ಯಾನಗಳಲ್ಲಿ ಬ್ಲಾಕ್‌ಚೈನ್ ಕುರಿತ ಖರಗಪುರ ಐಐಟಿಯ ಎನ್‌ಪಿಟೆಲ್ ಆನ್‌ಲೈನ್ ಪಾಠಮಾಲೆ ಉಚಿತ. ಉಜಿರೆ, ಮೂಡುಬಿದಿರೆಯ ಕಾಲೇಜು ಮಕ್ಕಳಿಗೆ ಹಿತ. ಆಂಟೊನೊಪೌಲೋಸ್ ಅವರ 'ಮಾಸ್ಟರಿಂಗ್ ಬಿಟ್‌ಕಾಯಿನ್' ಅಂತರ್ಜಾಲದಲ್ಲಿ ಪುಕ್ಕಟೆ, ಆದರೆ ಪ್ರೋಗ್ರಾಮಿಂಗ್ ಬಲ್ಲವರಿಗೆ. ಉಪಸಂಹಾರವನ್ನು ಆದಾಯ ತೆರಿಗೆ ಇಲಾಖೆಯೇ ಬರೆದಿದೆ: 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ ಶೇ. 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಇದನ್ನೇ ಮೊದಲು ಓದುವುದು ಮೇಲು. ಭಾವನ ಪಾಠವನ್ನು ಈಗಾಗಲೇ ಕಲಿತು ದುಡ್ಡು ಕಳೆದುಕೊಂಡವರು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.